ಬಾಗಿಲಲ್ಲಿ ಲೋಳೆಸರ, ಬಾಲ್ಕನಿಯಲ್ಲಿ ಎಲೆಬಳ್ಳಿ

ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಸುಗಲಾ ಊಟದ ಪಂಕ್ತಿಯಿಂದ ಎದ್ದು ನಿಂತಳು.

"ಗಂಟಲಾ ಒಣಗಾಕತ್ತೈತಿ."

ಪಕ್ಕದಲ್ಲಿ ಕೂತಿದ್ದ ಗಂಡ ಚಂಬಣ್ಣ ತನ್ನ ನೀರಿನ ಲೋಟವನ್ನು ಅವಳತ್ತ ಸರಿಸಿದ.

"ನಂದಲ್ಲರೀ, ಅದರದು," ಎಂದು ಅವಳು ಎಡಗೈ ಮಣಿಕಟ್ಟಿಗೆ ಸುತ್ತಿದ್ದ ಬೂದುಬಣ್ಣದ ಪಟ್ಟಿ ತೋರಿಸಿದಳು. ಕೈ ತೊಳೆದು, ಮದುಮಗಳ ತಾಯಿಗೆ ದೂರದಿಂದಲೇ ಒಂದು ನಮಸ್ಕಾರ ಹಾಕಿ, ಸ್ಕೂಟರ್ ಹತ್ತಿ ಹೋದಳು. ತುಪ್ಪ ಬಡಿಸುವವನು ಖಾಲಿ ಜಾಗದ ಮುಂದೆ ಒಂದು ಕ್ಷಣ ನಿಂತು, ಅವಳ ಪಾಲನ್ನೂ ಚಂಬಣ್ಣನ ಹೋಳಿಗೆಯ ಮೇಲೆಯೇ ಸುರಿದ.

ಎದುರು ಸಾಲಿನಲ್ಲಿದ್ದ ಸೋದರತ್ತೆಗೆ ಅಷ್ಟು ಸಾಕಾಯಿತು. "ಏನೋ ಚಂಬ್ಯಾ, ಮತ್ತ ಕರದ್ನೇನು ಅಂವ?"

"ಅಂವ ಅಲ್ಲಬೇ, ಬಳ್ಳಿ ಅದು."

"ಯಾವುದರ ಆಗವಲ್ದ್ಯಾಕ. ನಿಮ್ಮ ಮಾವ ಇಸ್ಪೀಟಿಗೆ ಎದ್ದು ಹೋಗ್ತಿದ್ದ, ನಾ ಏನ್ ಸತ್ತೆನೇನು? ಉಣ್ಣು, ಉಣ್ಣು."

ಸುತ್ತ ಕೂತವರು ನಕ್ಕರು. ಹೆಂಡತಿಗೆ ಸವತಿ ಬಂದರೆ ಲೋಕ ಮರುಗುತ್ತದೆ. ಗಂಡನಿಗೆ ಅಂಥದೊಂದು ಬಂದರೆ, ಅದೂ ವೀಳ್ಯದೆಲೆಯ ಬಳ್ಳಿಯ ರೂಪದಲ್ಲಿ ಬಂದರೆ, ಲೋಕ ಇನ್ನೊಂದು ಹೋಳಿಗೆ ಬಡಿಸುತ್ತದೆ.

ಊಟದ ನಂತರ ತಾಂಬೂಲ ಕೊಟ್ಟರು. ಅಡಿಕೆ ನಿಜದ್ದು, ಎಲೆ ಕಾಗದದ್ದು. ಬುಡಕೊಳೆ ರೋಗ ಬಂದು ಸೀಮೆಯ ಎಲೆತೋಟಗಳೆಲ್ಲ ಕಪ್ಪಾಗಿ ನೆಲಕ್ಕೆ ಮಲಗಿದ ಮೇಲೆ ಜನ ಸ್ವಲ್ಪ ದಿನ ಅತ್ತರು, ಆಮೇಲೆ ಹೊಂದಿಕೊಂಡರು. ಹಸಿರು ಕಾಗದದಲ್ಲಿ ನರ ಮೂಡಿಸಿ, ಖಾರದ ಪರಿಮಳ ಹಚ್ಚಿ ಮುದ್ರಿಸಿದ ಎಲೆ ಪೇಟೆಗೆ ಬಂತು. ತುದಿ ಹರಿಯದಿದ್ದರೆ ಕಾಗದದ ಎಲೆಯೂ ಶಾಸ್ತ್ರಕ್ಕೆ ಸಲ್ಲುತ್ತದೆಂದು ಸ್ವಾಮಿಗಳೊಬ್ಬರು ಅಪ್ಪಣೆ ಕೊಡಿಸಿದರು. ಜಗಿಯುವ ಚಟದವರಿಗೆ ಗುಳಿಗೆ ಬಂತು. ಬಾಯಿ ಕೆಂಪಾಗುತ್ತಿರಲಿಲ್ಲ, ಆದರೆ ಕೆಂಪಾಗಿದೆಯೆಂದು ಅವರಿಗೆ ಅನ್ನಿಸುತ್ತಿತ್ತಂತೆ.

ನಿಜವಾದ ವೀಳ್ಯದ ಬಳ್ಳಿ, ಕರಿಯೆಲೆ ತಳಿಯದು, ಉಳಿದದ್ದು ಒಂದೇ ಒಂದು. ಹಾವೇರಿಯಿಂದ ಆಚೆ, ಎಲೆಬಳ್ಳಿ ಪುನರುಜ್ಜೀವನ ಕೇಂದ್ರದ ಗಾಜಿನ ಕೋಣೆಯಲ್ಲಿ ಅದು ನುಗ್ಗೆಯ ಕಾಂಡವನ್ನು ತಬ್ಬಿಕೊಂಡು ಬದುಕಿತ್ತು. ಸುಗಲಾ ಅದರ ಆರೈಕೆದಾರಳು. ಅವಳ ಕೈಯಲ್ಲಿದ್ದುದು ತುಡಿಪಟ್ಟಿ.

ತುಡಿಪಟ್ಟಿಯ ವಿಚಾರ ಕೇಳಿದರೆ ಮಾಟದಂತೆ ಕಾಣುತ್ತದೆ, ಒಳಗೆ ಅಂಥದೇನೂ ಇಲ್ಲ. ಗಿಡಕ್ಕೆ ನೀರು ಕಡಿಮೆಯಾದಾಗ, ಬೇರಿಗೆ ಪೆಟ್ಟಾದಾಗ ಅದರ ಮೈಯಲ್ಲಿ ಸಣ್ಣದೊಂದು ವಿದ್ಯುತ್ತಿನ ಅಲೆ ಏಳುತ್ತದೆ. ಅದು ಬೇರಿನಿಂದ ಎಲೆಗೆ ತಲುಪುವಷ್ಟರಲ್ಲಿ ಮನುಷ್ಯ ಚಹಾ ಕುಡಿದು ಕಪ್ಪು ತೊಳೆದಿಟ್ಟಿರುತ್ತಾನೆ. ಕಾಂಡಕ್ಕೆ ಚುಚ್ಚಿದ ಕೂದಲೆಳೆಯಂಥ ತಂತಿಯಿಂದ ಆ ಅಲೆಯನ್ನು ಹಿಡಿದು, ವೇಗ ಹೆಚ್ಚಿಸಿ, ಮಣಿಕಟ್ಟಿನ ನರಕ್ಕೆ ದಾಟಿಸುವುದಷ್ಟೇ ಪಟ್ಟಿಯ ಕೆಲಸ. ಅಪರಿಚಿತ ಸಂಕೇತ ಬಂದರೆ ಮೆದುಳು ಸುಮ್ಮನಿರುವುದಿಲ್ಲ, ತನಗೆ ಗೊತ್ತಿರುವ ಯಾವುದೋ ಅಂಗಿಯನ್ನು ಅದಕ್ಕೆ ತೊಡಿಸುತ್ತದೆ. ಎಲೆ ಬಾಡಿದರೆ ಗಂಟಲು ಒಣಗುತ್ತದೆ. ಬೇರಿಗೆ ನೀರು ಹೆಚ್ಚಾದರೆ ಪಾದ ತಣ್ಣಗಾಗುತ್ತದೆ. ಬಿಸಿಲು ತಾಗಿದರೆ ಹೆಗಲು ಚುರುಗುಟ್ಟುತ್ತದೆ. ಕೆಲವು ವಾರ ಕಟ್ಟಿಕೊಂಡಿದ್ದರೆ ಈ ಮಾತು ತಾನಾಗಿಯೇ ತಿಳಿಯತೊಡಗುತ್ತದೆ. ಕಟ್ಟಿಕೊಂಡವರನ್ನು ಬಿಟ್ಟು ಬೇರೆಯವರಿಗೆ ಮಾತ್ರ ಏನೂ ತಿಳಿಯುವುದಿಲ್ಲ.

ಚಂಬಣ್ಣನಿಗೆ ಕಷ್ಟವಾದದ್ದು ಇಲ್ಲಿಯೇ. ಅವನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಬಣ್ಣ ಬದಲಾಗುವುದನ್ನು ಕಣ್ಣಾರೆ ಕಾಣದೆ ಏನನ್ನೂ ಒಪ್ಪುವವನಲ್ಲ. ಮದುವೆಯಾದಾಗಿನಿಂದ ಹೆಂಡತಿ ಹೊಸ್ತಿಲು ದಾಟಿ ಒಳಗೆ ಬಂದೊಡನೆ ಅವನ ಬಾಯಿಂದ ಬರುತ್ತಿದ್ದ ಮೊದಲ ಮಾತು ಒಂದೇ: "ಇಷ್ಟೊತ್ತನಕ ಎಲ್ಲಿದ್ದಿ?" ಸಿಟ್ಟಿನಿಂದ ಕೇಳುತ್ತಿರಲಿಲ್ಲ, ಉಳಿದವರು "ಬಂದ್ಯಾ" ಅನ್ನುವ ಹಾಗೆ ಕೇಳುತ್ತಿದ್ದ. ಆದರೂ ಉತ್ತರಕ್ಕೆ ಕಾಯುತ್ತಿದ್ದ. ಈಗ ಉತ್ತರ ಯಾವಾಗಲೂ ಬಳ್ಳಿಯೇ.

ಆ ಹೋಳಿಗೆ ಊಟದ ಮರುದಿನ ಅವನು ಕೇಂದ್ರಕ್ಕೆ ಹೋದ. ಗಾಜಿನ ಕೋಣೆಯ ಹೊರಗೆ ಚಪ್ಪಲಿಗಳು ಸಾಲಾಗಿದ್ದವು. ಎಲೆತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬಾರದೆಂಬ ಹಳೆಯ ಕಟ್ಟಳೆಯನ್ನು ವಿಜ್ಞಾನಿಗಳೂ ಉಳಿಸಿಕೊಂಡಿದ್ದರು. ರೋಗದ ಕಣ ಒಳಗೆ ಬರಬಾರದು ಎಂಬ ಕಾರಣವನ್ನು ಆಮೇಲೆ ಜೋಡಿಸಿದ್ದರು. ಅಂದು ಬಳ್ಳಿ ಇಳಿಸುವ ದಿನ. ಆಧಾರಮರದ ತುದಿ ಮುಟ್ಟಿದ ಬಳ್ಳಿಯನ್ನು ಮೆಲ್ಲಗೆ ಬಿಡಿಸಿ, ಕೆಳಗಿಳಿಸಿ, ಬುಡದಲ್ಲಿ ಸುತ್ತಿ ಮಣ್ಣು ಮುಚ್ಚಿ, ತುದಿಯನ್ನು ಮತ್ತೆ ಮರಕ್ಕೆ ಕಟ್ಟಬೇಕು. ಗಾಜಿನಾಚೆಯಿಂದ ಚಂಬಣ್ಣ ನೋಡಿದ. ಸುಗಲಾ ಏಣಿಯ ಮೇಲೆ ನಿಂತು ಎರಡೂ ಕೈಯಲ್ಲಿ ಬಳ್ಳಿಯನ್ನು ಹಿಡಿದುಕೊಂಡಿದ್ದಳು.

"ಬಾ, ಇಳಿ, ಹೆದರಬ್ಯಾಡ. ಹಿಡಕೊಂಡೀನಿ ನಾ. ಇಳಿ ನನ ರಾಜಾ."

ನನ ರಾಜಾ! ಇಷ್ಟು ವರ್ಷದ ಸಂಸಾರದಲ್ಲಿ ಚಂಬಣ್ಣ 'ರೀ' ಎಂಬ ಸ್ಥಾನದಿಂದ ಮೇಲಕ್ಕೆ ಏರಿದವನಲ್ಲ.

ಕೇಂದ್ರದ ನಿರ್ದೇಶಕ ಡಾ. ಜೈನುದ್ದೀನ ಮುಲ್ಲಾ ಅವನ ಪಕ್ಕಕ್ಕೆ ಬಂದು ನಿಂತರು. ತೆಳ್ಳಗಿನ, ನಗುಮುಖದ, ಯಾರನ್ನೂ ಬರಿಗೈಲಿ ಕಳಿಸದ ಮನುಷ್ಯ. "ಭಾಳ ನಾಜೂಕಿನ ಪ್ರಾಣಿರೀ ಅದು. ನೆರಳ ಬೇಕು, ಆದ್ರ ಕತ್ತಲಿ ಇರಬಾರದು. ತ್ಯಾವ ಬೇಕು, ನೀರು ನಿಂದರಬಾರದು. ಗಾಳಿ ಆಡಬೇಕು, ಬೀಸಬಾರದು. ನಿಮ್ಮ ಮನಿಯವರು ಇರಲಿಲ್ಲಂದ್ರ ಎಂದೋ ಹೋಗಿಬಿಡತಿತ್ತು."

"ನನಗೂ ಒಂದು ಪಟ್ಟಿ ಕೊಡ್ರಿ," ಎಂದ ಚಂಬಣ್ಣ.

"ಬಳ್ಳಿಗೆ ಇಬ್ಬರನ್ನ ಜೋಡಸಾಕ ಬರಂಗಿಲ್ಲ."

"ಆ ಬಳ್ಳಿಗೆ ಯಾರ್ ಜೋಡಸಂದ್ರು? ಬ್ಯಾರೆ ಯಾವುದಕ್ಕರೆ."

ಮುಲ್ಲಾ ಅವರ ಕಣ್ಣು ಹೊಳೆಯಿತು. ಹೋಲಿಕೆಗೆಂದು ತದ್ವಿರುದ್ಧ ಸ್ವಭಾವದ ಗಿಡವೊಂದು ಬೇಕೆಂದು ಅವರು ಎಷ್ಟೋ ದಿನದಿಂದ ಹುಡುಕುತ್ತಿದ್ದರು. ಏನನ್ನೂ ಕೇಳದ ಗಿಡ ಬೇಕಾಗಿತ್ತು, ಅದನ್ನು ಕಟ್ಟಿಕೊಂಡು ಕೂರಲು ಬೇರೆ ಕೆಲಸವಿಲ್ಲದ ಮನುಷ್ಯನೂ ಬೇಕಾಗಿತ್ತು. ಎರಡನೆಯದು ಎದುರಿಗೇ ನಿಂತಿತ್ತು. ಮೊದಲನೆಯದು ಚಂಬಣ್ಣನ ಮನೆಯ ಬಾಗಿಲಲ್ಲೇ ಇತ್ತು. ಎಲ್ಲರ ಮನೆಯಂತೆ ಅವರ ಮನೆಗೂ ದೃಷ್ಟಿ ತಾಗದಿರಲೆಂದು ಚೌಕಟ್ಟಿನ ಮೊಳೆಗೆ ಲೋಳೆಸರದ ಗಿಡವನ್ನು ತಲೆಕೆಳಗಾಗಿ ಕಟ್ಟಿದ್ದರು. ಮಣ್ಣಿಲ್ಲ, ನೀರಿಲ್ಲ. ಬೇರು ಆಕಾಶದ ಕಡೆ, ತಲೆ ನೆಲದ ಕಡೆ. ಆದರೂ ಎಲೆಯ ತುದಿಗಳು ಮೆಲ್ಲಗೆ ಬಾಗಿ ಮೇಲ್ಮುಖವಾಗುತ್ತಿದ್ದವು. ತನ್ನ ದಪ್ಪ ಎಲೆಯಲ್ಲಿ ಕೂಡಿಟ್ಟ ನೀರನ್ನೇ ತಾನು ಕುಡಿಯುತ್ತ, ಹಗಲೆಲ್ಲ ಬಾಯಿ ಮುಚ್ಚಿ, ಕತ್ತಲಾದ ಮೇಲೆ ಮಾತ್ರ ಉಸಿರಾಡುತ್ತ ಅದು ಜೋತುಬಿದ್ದಿತ್ತು.

ಪಟ್ಟಿ ಕಟ್ಟಿಕೊಂಡ ಮೊದಲ ವಾರ ಚಂಬಣ್ಣನಿಗೆ ಏನೂ ಆಗಲಿಲ್ಲ. ಎರಡನೆಯ ವಾರವೂ ಆಗಲಿಲ್ಲ. ಪಟ್ಟಿಯೇ ಕೆಟ್ಟಿದೆಯೆಂದು ಮುಲ್ಲಾ ಅವರಿಗೆ ಫೋನು ಮಾಡಿದ. "ಸಂಕೇತ ಬರಾಕತ್ತೈತ್ರೀ, ಸಣ್ಣದೈತಿ," ಎಂದರು ಅವರು. ಆಮೇಲೊಂದು ಸಂಜೆ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಪಕ್ಕದ ಮನೆಯ ಮಿಕ್ಸರ್ ನಿಂತಾಗ ಆಗುವಂಥ ಒಂದು ನಿರಾಳ ಬಂದುಹೋಯಿತು. ಮಿಕ್ಸರ್ ನಿಜವಾಗಿಯೂ ನಿಂತಿತ್ತೋ ಏನೋ, ಅದೂ ಖಾತ್ರಿಯಿಲ್ಲ. ಇಷ್ಟೇ.

ಆದರೆ ಅದೇ ಹೊತ್ತಿಗೆ ಸುಗಲಾ ಬಾಗಿಲು ತೆರೆದು ಒಳಗೆ ಬಂದಳು. ಚಂಬಣ್ಣ ಕಣ್ಣು ಮುಚ್ಚಿಕೊಂಡೇ ಇದ್ದ. ಎಲ್ಲಿದ್ದಿ ಎಂದು ಕೇಳಲಿಲ್ಲ.

ಅವಳು ಚೀಲ ಇಟ್ಟಳು. ಕಾದಳು. ಮತ್ತೆ ಚೀಲವನ್ನು ಎತ್ತಿ ಬೇರೆ ಕಡೆ ಇಟ್ಟಳು. "ಏನಾತ್ರೀ? ಮೈಯಾಗ ಆರಾಮ ಐತಿಲ್ಲ?"

"ಹೇಳಾಕ ಬರಂಗಿಲ್ಲ ಸುಗಲಾ," ಎಂದ ಚಂಬಣ್ಣ, ಕಣ್ಣು ತೆರೆಯದೆ. "ತುಂಬಿಧಂಗ ಐತಿ. ಯಾರೂ ಬ್ಯಾಡ, ಏನೂ ಬ್ಯಾಡ ಅನ್ನೂವಂಗ."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು, ಎಷ್ಟು ಸಲೀಸಾಗಿ ಬಂತು ಸುಳ್ಳು! ಅಲ್ಲಿಂದಾಚೆ ಅದನ್ನು ದಿನವೂ ಅಭ್ಯಾಸ ಮಾಡಿದ. ಊಟದ ಮಧ್ಯೆ ತುತ್ತು ಕೈಯಲ್ಲಿ ಹಿಡಿದು ಮುಗುಳ್ನಗುತ್ತಿದ್ದ. ಟೀವಿಯಲ್ಲಿ ಸುದ್ದಿ ಕಿರುಚುತ್ತಿದ್ದಾಗ ಬಾಗಿಲ ಕಡೆ ತಿರುಗಿ ತಲೆದೂಗುತ್ತಿದ್ದ. ಸಾಸಿವೆ ಸಿಡಿದು ಕೈಗೆ ಬಿದ್ದರೆ "ಇರಲಿ ಬಿಡು" ಎನ್ನುತ್ತಿದ್ದ. ಒಳಗೆ ಹೊಟ್ಟೆ ಉರಿಯುತ್ತಲೇ ಇತ್ತು. ಹೊರಗೆ ಲೋಳೆಸರದ ತಂಪು.

ಸುಗಲಾ ಬೇಗ ಮನೆಗೆ ಬರತೊಡಗಿದಳು. ಬಂದವಳು ಬಾಗಿಲಲ್ಲೇ ಒಂದು ಗಳಿಗೆ ನಿಂತು, ಮೇಲೆ ಜೋತುಬಿದ್ದಿದ್ದ ಗಿಡವನ್ನು ನೋಡಿ ಒಳಗೆ ಬರುತ್ತಿದ್ದಳು. ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟು ಪಡೆದವಳು ಒಂದು ಮುಳ್ಳುಮುಳ್ಳಿನ ಗಿಡವನ್ನು ಆ ಬಗೆಯಲ್ಲಿ ನೋಡುವುದು ಶೋಭೆಯಲ್ಲ. ಆದರೆ ನೋಡುತ್ತಿದ್ದಳು.

"ನನ್ನ ಬಗ್ಗೆ ಏನರ ಅನಸ್ತೈತೇನ್ರಿ, ಅದು ಬಂದಾಗ?" ಎಂದು ಒಮ್ಮೆ ಕೇಳಿದಳು, ಅಕ್ಕಿ ಆರಿಸುತ್ತ, ತಲೆಯೆತ್ತದೆ.

"ನಿನ್ನ ಬಗ್ಗೆ?" ಚಂಬಣ್ಣ ನಿಜವಾಗಿ ಯೋಚಿಸುವವನಂತೆ ಸೂರು ನೋಡಿದ. "ಇಲ್ಲ. ಆ ಹೊತ್ತಿನ್ಯಾಗ ಯಾರೂ ನೆನಪಾಗಂಗಿಲ್ಲ."

ಅಕ್ಕಿಯಲ್ಲಿ ಅಂದು ಕಲ್ಲು ಉಳಿದವು.

ಎರಡು ದಿನ ಬಿಟ್ಟು ಚಂಬಣ್ಣನಿಗೆ ಹೊಟ್ಟೆ ಭಾರವಾಯಿತು. ಏನೂ ತಿನ್ನದೆ ತೇಗು ಬರತೊಡಗಿತು. ಅಂಗಡಿಯಿಂದ ತಂದ ಮಾತ್ರೆ ನಾಟಲಿಲ್ಲ. ಕಡೆಗೆ ಸಂಶಯ ಬಂದು ಲೋಳೆಸರವನ್ನು ಮುಟ್ಟಿ ನೋಡಿದರೆ ಕಟ್ಟಿದ ದಾರ ಒದ್ದೆ, ಬೇರಿನ ಬುಡ ಮೆತ್ತಗೆ. ನೀರು ಹೆಚ್ಚಾದರೆ ಲೋಳೆಸರ ಕೊಳೆಯುತ್ತದೆ ಎಂಬುದು ಸುಗಲಾಳಿಗೆ ತಿಳಿಯದ್ದೇನಲ್ಲ. ಚಂಬಣ್ಣ ಗಿಡವನ್ನು ಬಿಸಿಲಿಗೆ ಒಣಗಿಸಿ ಮತ್ತೆ ಕಟ್ಟಿದ, ಮಾತೆತ್ತಲಿಲ್ಲ. ತೇಗುತ್ತಲೇ ಇಡೀ ದಿನ ಸಂತೋಷದಲ್ಲಿದ್ದ. ತನ್ನ ಸಲುವಾಗಿ ಇನ್ನೊಬ್ಬರು ಹೊಟ್ಟೆಕಿಚ್ಚು ಪಡುವುದು ಅವನ ಬದುಕಿನಲ್ಲಿ ಅದೇ ಮೊದಲು.

ಆ ಸಂತೋಷ ಹೆಚ್ಚು ದಿನ ಬಾಳಲಿಲ್ಲ. ಬಳ್ಳಿಯನ್ನು ಗಾಜಿನ ಕೋಣೆಯಿಂದ ಸಾಮಾನ್ಯ ಮನೆಯೊಂದಕ್ಕೆ ತಂದು ಬದುಕಿಸಿ ತೋರಿಸುವುದು ಯೋಜನೆಯ ಕೊನೆಯ ಹಂತವಾಗಿತ್ತು. ಬದುಕಿದರೆ ಅದರ ತುಂಡುಗಳನ್ನು ಊರಿನ ಮನೆಮನೆಗೂ ಹಂಚುವುದು. ಸತ್ತರೆ ಕಾಗದದ ಎಲೆಯೇ ಗತಿ. ಯಾರ ಮನೆ ಎಂದು ಸಭೆಯಲ್ಲಿ ಚರ್ಚೆಯಾದಾಗ ಸುಗಲಾ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಅದರ ಮೇಲೆ ಕಣ್ಣಿಡಬೇಕಲ್ಲ ಎಂದಳು. ಯಾವುದರ ಮೇಲೆ ಎಂದು ಬಿಡಿಸಿ ಹೇಳಲಿಲ್ಲ.

ಹೀಗೆ ದೊಡ್ಡ ಕುಂಡದಲ್ಲಿ, ನುಗ್ಗೆಕಾಂಡದ ಸಮೇತ, ಬಳ್ಳಿ ಅವರ ಎರಡನೆಯ ಮಹಡಿಯ ಬಾಲ್ಕನಿಗೆ ಬಂತು. ಜೊತೆಗೆ ಅದರ ಸಂಸಾರವೂ ಬಂತು. ನೆರಳಿಗೆ ಹಸಿರು ಪರದೆ, ತೇವಕ್ಕೆ ಗೋಣಿಚೀಲ, ಗಾಳಿಗೆ ಅಡ್ಡವಾಗಿ ಬಿದಿರಿನ ತಟ್ಟಿ. ಬಾಲ್ಕನಿಗೆ ಚಪ್ಪಲಿ ನಿಷೇಧ, ಆಮೇಲೆ ಕಾಲೇ ನಿಷೇಧ. ಒಗ್ಗರಣೆಯ ಘಾಟು ಅತ್ತ ಹೋಗದಂತೆ ಅಡುಗೆಮನೆಯ ಕಿಟಕಿ ಬಂದ್. ಬಾಗಿಲಲ್ಲಿ ಜೋತುಬಿದ್ದ ಗಿಡಕ್ಕೆ ಬೇಕಾದದ್ದು ಅದೇ ಮೊಳೆ.

ಕೇಂದ್ರದಲ್ಲಿದ್ದಾಗ ಊಹಿಸಿಕೊಂಡು ಉರಿಯಬೇಕಾಗಿತ್ತು, ಈಗ ಕಣ್ಣೆದುರೇ ಎಲ್ಲವೂ ನಡೆಯುತ್ತಿತ್ತು. ಒದ್ದೆ ಅರಿವೆಯಿಂದ ಒಂದೊಂದೇ ಎಲೆಯ ಬೆನ್ನು ಒರೆಸುವುದು. ಹೊಸ ಚಿಗುರು ಬಂದರೆ ಮೂಗಿನ ಬಳಿ ಒಯ್ದು ಮೂಸುವುದು. ಇವನು ಮಾತು ತೆಗೆದರೆ "ತಡೀರಿ, ಅದು ಏನೋ ಅನ್ನಾಕತ್ತೈತಿ" ಎಂದು ಎದ್ದು ಹೋಗುವುದು. ಚಂಬಣ್ಣನ ಮಂದಹಾಸ ದವಡೆ ನೋಯುವಷ್ಟು ಬಿಗಿಯಾಯಿತು.

ಸುಗಲಾ ಮಾತ್ರ ಸೊರಗುತ್ತ ಬಂದಳು. ಹೊರಗಿನ ಗಾಳಿಗೆ, ವಾಹನದ ಹೊಗೆಗೆ ಬಳ್ಳಿ ತತ್ತರಿಸುತ್ತಿತ್ತು. ಅದರ ತತ್ತರವೆಲ್ಲ ಇವಳ ಮೈಯಲ್ಲಿ. ಕಣ್ಣಿನ ಕೆಳಗೆ ಕಪ್ಪು ಮೂಡಿತು. ಕೆಳಗಿನ ಮನೆಯ ನೀಲಕ್ಕ ಮಜ್ಜಿಗೆ ಕೊಡಲು ಬಂದವಳು ನೋಡಿ ಗಲ್ಲಕ್ಕೆ ಕೈ ಹಚ್ಚಿದಳು.

"ಯವ್ವಾ, ಹೆಂಗಾಗ್ಯಾಳಲ್ಲೋ ಚಂಬಣ್ಣ! ದೃಷ್ಟಿ ಆಗೇತಿ ಇಕಿಗೆ. ಇಡೀ ಊರಾಗ ನಿಜವಾದ ಎಲಿ ಇರೂದು ಇಕಿ ಹಂತ್ಯಾಕ, ಎಷ್ಟ್ ಮಂದಿ ಕಣ್ಣೋ ಏನೋ. ಇವತ್ತ ಅಮಾಸಿ ಐತಿ, ಹೊತ್ತು ಮುಳಗೂದಕ್ಕ ಅರಿಷಿಣ ಸುಣ್ಣದ ನೀರು ಇಳೇ ತಗದು, ಯಾರೂ ತುಳೀದ ಮಣ್ಣಾಗ ಹಾಕಿ ಬಾ."

ಎಷ್ಟು ಮಂದಿಯ ಕಣ್ಣು ಎಂಬುದು ಚಂಬಣ್ಣನಿಗೆ ಗೊತ್ತಿತ್ತು. ಒಬ್ಬನದೇ. ಆ ಒಬ್ಬನೇ ಸಂಜೆ ತಟ್ಟೆಯಲ್ಲಿ ನೀರು ತೆಗೆದುಕೊಂಡು ಅರಿಷಿಣ ಕದಡಿದ, ಸುಣ್ಣ ಬೆರೆಸಿದ. ನೀರು ರಕ್ತದಂತೆ ಕೆಂಪಾಯಿತು. ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದಾಗೆಲ್ಲ ಹುಡುಗರು ಹೋ ಎನ್ನುತ್ತಿದ್ದರು. ಸುಗಲಾ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು, ಬೇಡವೆನ್ನಲೂ ತ್ರಾಣವಿರಲಿಲ್ಲ. ಅವನು ತಟ್ಟೆಯನ್ನು ಅವಳ ಮುಖದ ಸುತ್ತ ಮೂರು ಸಲ ಸುತ್ತಿಸಿದ. ನನ್ನ ಕಣ್ಣು ತಾಗಿದ್ದರೆ ಹೋಗಲಿ ಎಂದು ಮನಸಾರೆ ಅಂದುಕೊಂಡ. ಆ ಗಳಿಗೆಯಲ್ಲಿ ಅವನಲ್ಲಿ ಕಪಟವಿರಲಿಲ್ಲ.

ತಟ್ಟೆ ಹಿಡಿದು ಹೊರಟ ಮೇಲೆ ಕಷ್ಟ ಶುರುವಾಯಿತು. ಯಾರೂ ತುಳಿಯದ ಮಣ್ಣು ಎಲ್ಲಿದೆ? ಮೆಟ್ಟಿಲು, ಅಂಗಳ, ರಸ್ತೆ ಎಲ್ಲವೂ ಕಾಂಕ್ರೀಟು, ಎಲ್ಲೆಡೆ ಕಾಲು. ಬಚ್ಚಲಿಗೆ ಸುರಿದರೆ ಶಾಸ್ತ್ರ ಕೆಡುತ್ತದೆ. ಆ ಇಡೀ ಕಟ್ಟಡದಲ್ಲಿ ಯಾರ ಕಾಲೂ ಸೋಕದ ಮಣ್ಣು ಒಂದೇ ಕಡೆ ಇತ್ತು. ಸುಗಲಾಳ ಕಟ್ಟಪ್ಪಣೆಯಿಂದಾಗಿಯೇ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಚಂಬಣ್ಣ ಚಪ್ಪಲಿ ಬಿಟ್ಟು ಬಾಲ್ಕನಿಗೆ ಕಾಲಿಟ್ಟ. ಕುಂಡದ ಮೇಲೆ ತಟ್ಟೆ ಬಾಗಿಸುವಾಗ ಕೈ ಒಂದಿಷ್ಟು ತಡೆಯಿತು. ಏಕೆ ತಡೆಯಿತು ಎಂದು ಅವನು ಕೈಯನ್ನು ಕೇಳಲಿಲ್ಲ. ಸುರಿದ.

ಮರುದಿನ ಕೇಂದ್ರದಲ್ಲಿ ತುಂಡು ಹಂಚುವ ದಿನ ಗೊತ್ತುಮಾಡಲು ಸಭೆ. ಮುಲ್ಲಾ ಮಾತಾಡುತ್ತಿದ್ದಾಗ ಸುಗಲಾ "ಅವ್ವಾ" ಎಂದು ಚೀರಿ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡಳು. ಕೆಂಡದ ಮೇಲೆ ನಿಂತಂತಾಗಿತ್ತು. ಬಗ್ಗಿ ನೋಡಿದರೆ ಪಾದ ತಣ್ಣಗೇ ಇದ್ದವು, ಗಾಯವಿಲ್ಲ, ಬೊಬ್ಬೆಯಿಲ್ಲ. ಮುಲ್ಲಾ ತಾವೇ ಕಾರು ಓಡಿಸಿಕೊಂಡು ಅವಳನ್ನು ಮನೆಗೆ ತಂದರು.

ರಜೆಯಿದ್ದ ಚಂಬಣ್ಣ ಬಾಗಿಲು ತೆಗೆದ. ಅವಳು ಅವನನ್ನು ದಾಟಿ ಬಾಲ್ಕನಿಗೆ ಓಡಿದಳು. ಎಲೆಗಳು ಇಳಿಬಿದ್ದಿದ್ದವು. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ, ಕೆಂಪು ಕಲೆ.

"ಏನ್ ಹಾಕೀರಿ?"

"ದೃಷ್ಟಿ ತಗದ ನೀರು. ನಿನಗಽ ತಗದದ್ದು."

"ಸುಣ್ಣ?"

ಚಂಬಣ್ಣ ಕೆಂಪು ಕಲೆಯನ್ನೇ ನೋಡುತ್ತ ತಲೆಯಾಡಿಸಿದ.

"ಸುಣ್ಣ ಬೇರು ಸುಡತೈತಿ ಅಂತ ನಿಮಗ ಗೊತ್ತಿಲ್ಲ? ಊರ ಹುಡುಗರಿಗೆಲ್ಲ ಪಾಠಾ ಹೇಳೂ ಮನಶ್ಯಾ, ನಿಮಗ ಗೊತ್ತಿಲ್ಲ?"

"ಗೊತ್ತೈತಿ."

"ಮತ್ತ?"

"ಸುರಿಯೂ ಮುಂದ ನಾ ಮಾಸ್ತರ ಇದ್ದಿಲ್ಲ. ನನ್ನವ್ವನ ಮಗ ಇದ್ದೆ."

"ನನ್ನ ಗಂಡ ಇದ್ರೋ ಇಲ್ಲೋ?"

ಮುಲ್ಲಾ ಬಾಗಿಲ ಬಳಿಯೇ ನಿಂತು, ಅಂಥ ಸಂದರ್ಭದಲ್ಲಿ ಸಭ್ಯರು ಮಾಡುವಂತೆ, ಗೋಡೆಯ ಕ್ಯಾಲೆಂಡರನ್ನು ಗಮನವಿಟ್ಟು ಓದತೊಡಗಿದರು. ಸುಗಲಾ ನೆಲಕ್ಕೆ ಕುಸಿದು ಕೂತು ಪಾದಗಳನ್ನು ಕೈಯಲ್ಲಿ ಹಿಡಿದುಕೊಂಡಳು. ಪಟ್ಟಿ ಬಿಚ್ಚಿಬಿಡು ಎಂದರೆ ಕೇಳಲಿಲ್ಲ. "ಬಿಚ್ಚಿದ್ರ ಅದು ಸಾಯೂದು ಯಾರಿಗೂ ಗೊತ್ತಾಗಂಗಿಲ್ಲ," ಎಂದಳು.

ಚಂಬಣ್ಣ ಅಡುಗೆಮನೆಗೆ ಹೋದ. ಹುಣಸೆಹಣ್ಣು ಕಿವುಚಿ, ಸೋಸಿ, ಬಕೆಟ್ಟು ನೀರಿಗೆ ಸ್ವಲ್ಪವೇ ಬೆರೆಸಿ ತಂದ. ಸುಣ್ಣವನ್ನು ಹುಳಿಯಿಂದ ಕಳೆಯಬೇಕು, ಹುಳಿ ಹೆಚ್ಚಾದರೆ ಅದೂ ಬೇರಿಗೆ ಪೆಟ್ಟೇ. ಅಳತೆಯಂತ್ರ ಕೇಂದ್ರದಲ್ಲಿತ್ತು, ತರುವಷ್ಟು ಹೊತ್ತಿರಲಿಲ್ಲ. ಆದರೆ ಮಣ್ಣಿನಲ್ಲಿದ್ದ ಅರಿಷಿಣವೇ ಲೆಕ್ಕ ಹೇಳಬಲ್ಲದು. ಸುಣ್ಣವಿದ್ದಷ್ಟು ಹೊತ್ತು ಅದು ಕೆಂಪು, ಹೋದ ಮೇಲೆ ಹಳದಿ. ಕುಂಡದ ತೂತಿನ ಕೆಳಗೆ ಬಿಳಿ ತಟ್ಟೆಯಿಟ್ಟು ಮೇಲಿನಿಂದ ನೀರು ಹನಿಸತೊಡಗಿದ.

ಕೆಳಗೆ ಇಳಿದ ನೀರು ಕೆಂಪಗಿತ್ತು. "ಈಗ ಹೆಂಗೈತಿ?"

"ಉರಿ ಐತಿ."

ಇನ್ನಷ್ಟು ಹನಿಸಿದ. ತಟ್ಟೆಯಲ್ಲಿ ಇಟ್ಟಿಗೆಯ ಬಣ್ಣ. "ಈಗ?"

"ಅಂಗಾಲಾಗ ಐತಿ. ಬೆರಳಿಂದ ಇಳದೈತಿ."

"ಎಡಗಾಲೋ ಬಲಗಾಲೋ?"

"ಎಡಗಾಲು."

ಅವನು ಕುಂಡದ ಎಡಬದಿಗೆ ಸರಿದ. ಇಬ್ಬರೂ ಹೀಗೆ ಇಷ್ಟು ಹೊತ್ತು ಮಾತಾಡಿ ಎಷ್ಟೋ ಕಾಲವಾಗಿತ್ತು. ಅವನು ಕೇಳುತ್ತಿದ್ದ, ಅವಳು ಮರುಮಾತಿಲ್ಲದೆ ಹೇಳುತ್ತಿದ್ದಳು. ಅವನು ಬಯಸಿದ್ದು ಇದನ್ನೇ ಅಲ್ಲವೇ? ಆದರೆ ಅವನು ಹೆಂಡತಿಯ ಪಾದವನ್ನು ವಿಚಾರಿಸುತ್ತಿದ್ದ, ಅವಳ ಬಾಯಿಂದ ಉತ್ತರಿಸುತ್ತಿದ್ದುದು ಬಳ್ಳಿ. ಆ ಸ್ಥಿತಿಯಲ್ಲಿಯೂ ಚಂಬಣ್ಣನ ಹೊಟ್ಟೆಯಲ್ಲಿ ಒಂದು ಕಿಡಿ ಹಾರಿತೆಂದರೆ ಆ ಗುಣ ಎಷ್ಟು ಆಳಕ್ಕೆ ಬೇರು ಬಿಟ್ಟಿತ್ತೆಂದು ತಿಳಿಯಬಹುದು.

ಕೊನೆಗೆ ಬಿಳಿ ತಟ್ಟೆಗೆ ಹಳದಿ ಹನಿಗಳು ಇಳಿದವು. ಸುಗಲಾ ಗೋಡೆಗೊರಗಿ ಕಣ್ಣು ಮುಚ್ಚಿದಳು. "ತಣ್ಣಗಾತು," ಎಂದಳು.

ಬುಡದ ಎಲೆಗಳೆಲ್ಲ ಉದುರಿದವು. ತುದಿ ಉಳಿಯಿತು. ಹಂಚಿಕೆಯ ದಿನ ಮುಂದೆ ಹೋಯಿತು. ಮುಲ್ಲಾ ಬೈಯಲಿಲ್ಲ, ಒಂದು ಆಜ್ಞೆ ಮಾಡಿದರು. ಸುಗಲಾ ಸ್ವಲ್ಪ ಕಾಲ ಬಳ್ಳಿಯ ಪಟ್ಟಿ ಕಟ್ಟುವಂತಿಲ್ಲ, ಅವಳ ನರಗಳಿಗೆ ಬಿಡುವು ಬೇಕು. ಹಾಗೆಂದು ಬಳ್ಳಿಯನ್ನು ಅನಾಥವಾಗಿ ಬಿಡುವಂತಿಲ್ಲ. ಪಟ್ಟಿಗೆ ಪಳಗಿದ ಇನ್ನೊಂದು ಕೈ ಆ ಮನೆಯಲ್ಲೇ ಇದೆಯಲ್ಲ? "ಮಾಸ್ತರ್ರು ಬಳ್ಳಿ ನೋಡಿಕೊಳ್ಳಲಿ. ಲೋಳೆಸರ ನೀವು ಕಟ್ಟಿಕೊಳ್ರಿ ಅಕ್ಕಾರ, ಆರಾಮ ಮಾಡ್ರಿ." ಇದು ಶಿಕ್ಷೆಯೋ ಚಿಕಿತ್ಸೆಯೋ ಗಂಡಹೆಂಡಿರಿಬ್ಬರಿಗೂ ಗೊತ್ತಾಗಲಿಲ್ಲ.

ಚಂಬಣ್ಣ ಹೆದರಿಕೆಯಿಂದಲೇ ಕಟ್ಟಿಕೊಂಡ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಕೂಗು ಬಂದರೆ? ಊಟಕ್ಕೆ ಕೂತಾಗ ಬಂದರೆ? ದಿನಗಳು ಹೋದವು, ಭಾಷೆ ತಿಳಿಯತೊಡಗಿತು. ಬೆಳಿಗ್ಗೆ ಗಂಟಲು ಒಣಗುತ್ತಿತ್ತು, ನೀರು ಹನಿಸಿದರೆ ಆರುತ್ತಿತ್ತು. ಒಣಗಾಳಿ ಬೀಸಿದ ದಿನ ಇನ್ನೊಮ್ಮೆ. ಆಮೇಲೆ ಏನೂ ಇಲ್ಲ. ಬೆರಳ ತುದಿಗಳಲ್ಲಿ ಮೇಲಕ್ಕೆ ಎಲ್ಲಿಗೋ ಚಾಚುವ ಮೆಲ್ಲನೆಯ ಒಂದು ಹುರುಪು, ಅಷ್ಟೇ. ಅವನು ಮಧ್ಯಾಹ್ನಗಳನ್ನು ಕಾದ. ಸಂಜೆಗಳನ್ನು ಕಾದ. ಹೋಳಿಗೆ ಊಟದಂಥ ಹೊತ್ತನ್ನು ವಿಶೇಷವಾಗಿ ಕಾದ. ಬಳ್ಳಿ ಆ ಹೊತ್ತಿನಲ್ಲೆಲ್ಲ ತನ್ನ ಪಾಡಿಗೆ ಏರುತ್ತಿತ್ತು, ಯಾರನ್ನೂ ಕರೆಯುತ್ತಿರಲಿಲ್ಲ. ಗಾಜಿನ ಕೋಣೆಯಲ್ಲಿ ಒಣಗಾಳಿಯಿಲ್ಲ, ಹನಿಕೊಳವೆ ಇಪ್ಪತ್ತನಾಲ್ಕು ತಾಸೂ ಇತ್ತು. ಅಲ್ಲಿ ಇನ್ನೂ ಕಡಿಮೆ ಕರೆದಿರಬೇಕು.

ಒಮ್ಮೆ ಮುಲ್ಲಾ ಬಂದಾಗ ಹಗುರಾಗಿ ಕೇಳಿದ. "ಹಿಂದಕ ಇಕಿ ಮಧ್ಯಾಹ್ನ ಓಡಿ ಓಡಿ ಬರತಿದ್ಲಲ್ರೀ, ಅಲ್ಲಿ ಏನ್ ಮಾಡ್ತಿದ್ಲು?"

"ಏನ್ ಮಾಡ್ತಾರ್ರೀ? ಸ್ಟೂಲ್ ಹಾಕ್ಕೊಂಡು ಸುಮ್ನ ಕೂತಿರತಿದ್ರು. ನಾನೂ ಕೆಲವು ಸಲ ಅಲ್ಲೇ ಕೂಡ್ತೀನಿ. ಯಾರೂ ಏನೂ ಕೇಳಂಗಿಲ್ಲ ನೋಡ್ರಿ ಅಲ್ಲಿ."

ಚಂಬಣ್ಣ ಅಂದು ತುಂಬ ಹೊತ್ತು ಬಳ್ಳಿಯ ಮುಂದೆ ಕೂತ. ಇಷ್ಟು ದಿನ ಯಾವುದರ ಮೇಲೆ ಹಲ್ಲು ಕಡಿದಿದ್ದನೋ, ಯಾವುದರ ಬೇರಿಗೆ ಸುಣ್ಣ ಸುರಿದಿದ್ದನೋ, ಅದು ಅವನ ಹೆಂಡತಿಯನ್ನು ಕರೆದೇ ಇರಲಿಲ್ಲ. ಯಾರೂ ಏನೂ ಕೇಳದ ಕಡೆಗೆ ಅವಳೇ ಎದ್ದು ಹೋಗುತ್ತಿದ್ದಳು. ಅವನ ಹೊಟ್ಟೆಕಿಚ್ಚಿಗೆ ಹಬ್ಬಲು ಆಧಾರವೇ ಇಲ್ಲದಂತಾಯಿತು.

ಭಾನುವಾರ ಮಧ್ಯಾಹ್ನ ಆಕಾಶ ಮೋಡ ಕವಿದು ಮಂಕಾಗಿತ್ತು. ಸುಗಲಾ ತಲೆಬಾಗಿಲ ಹೊಸ್ತಿಲ ಬಳಿ ಲೋಳೆಸರದ ಕೆಳಗೆ ಚಾಪೆ ಹಾಸಿಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ಇದ್ದಕ್ಕಿದ್ದಂತೆ ನಕ್ಕಳು. ನಗು ನಿಲ್ಲಲಿಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಇದರಾಗ ಏನೂ ಇಲ್ಲಲ್ರೀ!"

ಬಾಲ್ಕನಿಯ ಬಾಗಿಲಲ್ಲಿ ಕೂತಿದ್ದ ಚಂಬಣ್ಣ ಪುಸ್ತಕದಿಂದ ತಲೆ ಎತ್ತಲಿಲ್ಲ.

"ವಾರಗಟ್ಟಲೆ ಕೂತು ನೋಡಿದೆ. ಮಿಕ್ಸರ್ ನಿಂತಂಗ ಆಗತೈತಿ, ಅಷ್ಟಽ. ತುಂಬಿಧಂಗ ಅಂತ, ಯಾರೂ ನೆನಪಾಗಂಗಿಲ್ಲ ಅಂತ! ಏನ್ ಮುಖ, ಏನ್ ನಗಿ! ಅಯ್ಯ ಶಿವನ, ಆ ನಗಿ ನೋಡಿ ನಾ ಎಷ್ಟ್ ಉರದೆ ಗೊತ್ತೇನು? ಗಿಡಕ್ಕ ನೀರ್ ಹಾಕೀನಿ ನಾ!"

"ಗೊತ್ತೈತಿ. ಎರಡು ದಿನ ತೇಗೀನಿ."

ಅವಳು ಮತ್ತೊಮ್ಮೆ ನಕ್ಕಳು. ನಗುತ್ತ ನಗುತ್ತ ಅವಳ ದೃಷ್ಟಿ ಅವನ ಮಣಿಕಟ್ಟಿನ ಮೇಲೆ ಬಿತ್ತು. ಅಲ್ಲಿ ಬಳ್ಳಿಯ ಪಟ್ಟಿ ಇತ್ತು. ಅದೂ ಬಹಳ ದಿನದಿಂದ ಇತ್ತು. ನಗು ಮೆಲ್ಲಗೆ ಇಳಿಯಿತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಮತ್ತ... ಅದು ಏನಂತೈತ್ರೀ?"

ಚಂಬಣ್ಣ ಪುಸ್ತಕ ಮುಚ್ಚಿದ. ಗಂಟಲು ಒಣಗಿರಲಿಲ್ಲ. ಪಾದ ಬೆಚ್ಚಗಿದ್ದವು. ಹೆಗಲಲ್ಲಿ ಏನೂ ಇರಲಿಲ್ಲ. ಬಳ್ಳಿಗೆ ಯಾರಿಂದಲೂ ಏನೂ ಬೇಕಾಗಿರಲಿಲ್ಲ. ಇದು ನಿನ್ನನ್ನು ಎಂದೂ ಕರೆದಿಲ್ಲ ಎಂಬ ಮಾತು ಬಾಯಲ್ಲೇ ಇತ್ತು, ಅದಕ್ಕೆ ಪುರಾವೆಯೂ ಇತ್ತು, ಪುರಾವೆಯಿದ್ದ ಮಾತನ್ನು ಅವನು ಬದುಕಿನಲ್ಲಿ ಎಂದೂ ನುಂಗಿದವನಲ್ಲ.

"ಹೆಗಲಾ ಚುರುಗುಟ್ಟಾಕತ್ತಾವ," ಎಂದ. "ಬಿಸಲು ಭಾಳ ಆಗೇತಂತ ಕಾಣ್ತೈತಿ ಅದಕ್ಕ."

ಸುಗಲಾ ಬಾಲ್ಕನಿಯಾಚೆಯ ಬೂದು ಆಕಾಶವನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ಹೌದು," ಎಂದಳು. "ಅದಕ್ಕ ಮೋಡದ ಬಿಸಲೂ ತಡಿಯಂಗಿಲ್ಲ."

ಚಂಬಣ್ಣ ಎದ್ದು ಹೋಗಿ ಹಸಿರು ಪರದೆಯನ್ನು ಕೊನೆಯವರೆಗೂ ಎಳೆದ.